ಹದಿನಾರು ತಿಂಗಳ ಮಗಳಿಗೆ ವಿಮಾನದಲ್ಲಿ ಬೇರೆ ಸೀಟು ಬೇಕಾ? ಮನೆಯಲ್ಲಿ ಎಲ್ಲರೂ ನಗ್ತಿದ್ದಾರೆ

ಕಾಳಿ ದಂಡೆ, ಕಾರವಾರ

ಈ ಹರಟೆಕಟ್ಟೆಯ ಎಲ್ಲರಿಗೂ ನಮಸ್ಕಾರ. ನಾನು ಸದಾಶಿವಗಡದವಳು. ಯಜಮಾನರು ಮಸ್ಕತ್‌ನಲ್ಲಿದ್ದಾರೆ. ಬರುವ ತಿಂಗಳು ನಾನು, ಮಗಳು ಇಬ್ಬರೇ ಹೊರಡಬೇಕು. ಗೋವಾದ ಮೋಪಾ ವಿಮಾನ ನಿಲ್ದಾಣದಿಂದ ಮುಂಬೈ, ಅಲ್ಲಿಂದ ಮುಂದೆ.

ಮಗಳಿಗೆ ಹದಿನಾರು ತಿಂಗಳು, ತೂಕ ಹತ್ತು ಕಿಲೋ ಚಿಲ್ಲರೆ. ಎರಡು ವರ್ಷ ತುಂಬುವವರೆಗೆ ಸೀಟು ಬೇಡ, ತೊಡೆ ಮೇಲೆ ಕೂರಿಸಿಕೊಳ್ಳಿ ಅಂತ ಟಿಕೆಟ್ ಮಾಡುವವರು ಹೇಳಿದರು. ಯಜಮಾನರು ಬೇಡ ಅಂತಾರೆ. ಅವಳಿಗೂ ಒಂದು ಟಿಕೆಟ್ ತೆಗೆಸು, ಕಾರ್ ಸೀಟು ತಗೊಂಡು ಹೋಗಿ ಅದರಲ್ಲೇ ಕೂರಿಸು ಅನ್ನೋದು ಅವರ ವಾದ. ಎರಡೂ ವಿಮಾನ ಸೇರಿ ಹದಿಮೂರು ಸಾವಿರ ಜಾಸ್ತಿ ಬೀಳುತ್ತದೆ. ಸೀಟಿನ ದುಡ್ಡು ಬೇರೆ.

ಅತ್ತೆ ಕೇಳಿ ನಕ್ಕರು. "ತಾಯಿ ಮಡಿಲು ಇರುವಾಗ ಕೂಸನ್ನು ಕುರ್ಚಿಗೆ ಕಟ್ಟಿಹಾಕ್ತೀಯಾ? ಅದೇನು ಕರುವಾ?" ಅಂದರು. ನನಗೂ ಹೌದಲ್ಲ ಅನ್ನಿಸಿತು. ಯಾರಾದರೂ ಹೀಗೆ ಹೋಗಿದ್ದೀರಾ? ಇದಕ್ಕೆ ಕಾನೂನು ಇದೆಯಾ, ಇಲ್ಲ ಸುಮ್ನೆ ಅಮೆರಿಕದವರ ಶೋಕಿಯಾ?

ನೇತ್ರಾಣಿ, ಭಟ್ಕಳ

ಶೋಕಿನೇ ತಂಗಿ. ನಾನು ಮೂರು ಮಕ್ಕಳನ್ನು ತೊಡೆ ಮೇಲೆ ಕೂರಿಸಿಕೊಂಡೇ ದುಬೈಗೆ ಹೋಗಿ ಬಂದವನು. ಅಂತರರಾಷ್ಟ್ರೀಯ ವಿಮಾನದಲ್ಲಿ ಕೈಗೂಸಿಗೆ ಸಾಮಾನ್ಯವಾಗಿ ದೊಡ್ಡವರ ಟಿಕೆಟ್‌ನ ಹತ್ತರಲ್ಲಿ ಒಂದು ಪಾಲು. ಸೀಟು ಕಡ್ಡಾಯ ಮಾಡಿದರೆ ಹೆಚ್ಚುಕಡಿಮೆ ಪೂರ್ತಿ ದುಡ್ಡು. ಗಲ್ಫ್‌ನಲ್ಲಿ ಸಣ್ಣ ಸಂಬಳಕ್ಕೆ ದುಡಿಯುವವನು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವುದನ್ನೇ ಬಿಡುತ್ತಾನೆ, ಅಷ್ಟೇ.

ಇನ್ನೊಂದು ಮಾತು. 2010ರ ಮೇ 22, ಮಂಗಳೂರು. 166 ಜನ ಇದ್ದ ವಿಮಾನ ಬಿದ್ದು ಬೆಂಕಿ ಹತ್ತಿದಾಗ ಉಳಿದವರು ಎಂಟೇ ಜನ. ಅಲ್ಲಿ ಯಾವ ಸೀಟು ಯಾರನ್ನು ಉಳಿಸುತ್ತಿತ್ತು ಹೇಳಿ?

ಅಘನಾಶಿನಿ, ಕುಮಟಾ

ನಾನು ಹನ್ನೊಂದು ವರ್ಷ ವಿಮಾನದಲ್ಲಿ ಗಗನಸಖಿಯಾಗಿದ್ದೆ. ಈಗ ಊರಲ್ಲಿದ್ದೇನೆ. ಕಂಡದ್ದು ಹೇಳುತ್ತೇನೆ.

ನಮ್ಮ ದೇಶದಲ್ಲಿ ಎರಡು ವರ್ಷದೊಳಗಿನ ಮಗುವಿಗೆ ಬೇರೆ ಸೀಟು ಕಡ್ಡಾಯ ಇಲ್ಲ. ತೊಡೆ ಮೇಲೆ ಕೂರಿಸಿಕೊಂಡರೆ ಒಂದು ಪುಟ್ಟ ಬೆಲ್ಟ್ ಕೊಡುತ್ತೇವೆ. ಅದರ ಒಂದು ಕುಣಿಕೆ ತಾಯಿಯ ಬೆಲ್ಟಿಗೆ ಪೋಣಿಸಿ, ಮಗುವಿನ ಹೊಟ್ಟೆಗೆ ಸುತ್ತ ಹಾಕುವುದು. ಯುರೋಪಿನಲ್ಲೂ ಇದೇ ಪದ್ಧತಿ. ಅಮೆರಿಕದಲ್ಲಿ ಉಲ್ಟಾ. ಅಲ್ಲಿ ವಿಮಾನ ಏರುವಾಗ, ಇಳಿಯುವಾಗ ಈ ಬೆಲ್ಟ್ ಹಾಕುವ ಹಾಗೇ ಇಲ್ಲ. ಜೋರಾಗಿ ನಿಂತರೆ ತಾಯಿಯ ಮೈಭಾರ ಎಲ್ಲ ಮಗುವಿನ ಮೇಲೆ ಬೀಳುತ್ತದೆ, ಬೆಲ್ಟ್ ಹೊಟ್ಟೆಗೆ ಕೊರೆಯುತ್ತದೆ ಅನ್ನುವುದು ಅವರ ಕಾರಣ. ಹಾಗಂತ ಅವರು ಸೀಟು ಕಡ್ಡಾಯ ಮಾಡಿದ್ದಾರಾ? ಅದೂ ಇಲ್ಲ. ಬರೀ ಕೈಯಲ್ಲಿ ಹಿಡಿದುಕೊಳ್ಳಿ ಅಂತಾರೆ. ಇದು ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ಒಂದು ಮಳೆಗಾಲದ ಸಂಜೆ. ಗೋವಾಕ್ಕೆ ಇಳಿಯುತ್ತಿದ್ದೆವು. ಬೆಲ್ಟ್ ಹಾಕಿ ಅಂತ ಹೇಳಿ ಆಗಿತ್ತು. ಹನ್ನೆರಡನೇ ಸಾಲಿನಲ್ಲಿ ಒಬ್ಬ ತಾಯಿ, ಮಗು ಅಳುತ್ತದೆ ಅಂತ ಪುಟ್ಟ ಬೆಲ್ಟ್ ಬಿಚ್ಚಿ ಎದೆಗೆ ಅವಚಿಕೊಂಡಿದ್ದಳು. ನಾನು ನನ್ನ ಕುರ್ಚಿಯಲ್ಲಿ ಕಟ್ಟಿಕೊಂಡು ಕೂತಾಗಿತ್ತು, ಏಳುವ ಹಾಗಿಲ್ಲ. ಮೋಡದೊಳಗೆ ವಿಮಾನ ಒಂದೇ ಸಲ ಕೆಳಗೆ ಜಾರಿತು. ಮಗು ಅವಳ ಕೈಯಿಂದ ಮೇಲಕ್ಕೆ ಹೋಯಿತು. ಹೋಗಿ ದೀಪದ ಪಟ್ಟಿಗೆ ತಾಗಿ, ಪಕ್ಕದ ಸೀಟಿನ ಅಜ್ಜನ ತೊಡೆ ಮೇಲೆ ಬಿತ್ತು. ಹಣೆ ಮೇಲೆ ಗುಬ್ಬಿ ಮೊಟ್ಟೆಯಷ್ಟು ಊತ, ಅಷ್ಟಕ್ಕೇ ಮುಗಿಯಿತು. ಆ ತಾಯಿ ಮಾತ್ರ ಇಳಿದ ಮೇಲೂ "ನಾನು ಬಿಟ್ಟಿಲ್ಲ, ನಾನು ಬಿಟ್ಟಿಲ್ಲ" ಅಂತಲೇ ಇದ್ದಳು. ಹೌದು, ಅವಳು ಬಿಟ್ಟಿರಲಿಲ್ಲ.

ನೇತ್ರಾಣಿ ಅಣ್ಣ, ಮಂಗಳೂರಿನ ಬಗ್ಗೆ ನೀವು ಹೇಳಿದ್ದು ಸರಿ. ಅಂಥ ಬೆಂಕಿಯಲ್ಲಿ ಯಾವ ಸೀಟೂ ಇಲ್ಲ. ಆದರೆ 2020ರ ಆಗಸ್ಟ್ 7ರಂದು ಕೋಯಿಕ್ಕೋಡ್‌ನಲ್ಲಿ ಆದದ್ದು ನೋಡಿ. ಅದೂ ಗುಡ್ಡದ ಮೇಲಿನ ರನ್‌ವೇ, ಮೇಲಿಂದ ಮಳೆ, ವಿಮಾನ ಮುರಿದು ಬಿತ್ತು. 190 ಜನರಲ್ಲಿ 21 ಜನ ಹೋದರು, ಉಳಿದವರು ಬದುಕಿದರು. ಆ ವಿಮಾನದಲ್ಲಿ 10 ಕೈಗೂಸುಗಳಿದ್ದವು. ಜನ ಬದುಕುವಂಥ ಅಪಘಾತಗಳೂ ಇರುತ್ತವೆ. ಅಲ್ಲೇ ಬೆಲ್ಟು, ಸೀಟು ಲೆಕ್ಕಕ್ಕೆ ಬರುವುದು.

ಶರಾವತಿ ಕಡವು, ಹೊನ್ನಾವರ

ಹೈಸ್ಕೂಲಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಿಯಾದವ. ಚಟ ಬಿಡಬೇಕಲ್ಲ, ಒಂದು ಲೆಕ್ಕ ಹೇಳುತ್ತೇನೆ.

ಈಗಿನ ದೊಡ್ಡ ವಿಮಾನಗಳ ಸೀಟನ್ನು ಮುಂದಕ್ಕೆ 16 ಜಿ, ಅಂದರೆ ತೂಕದ ಹದಿನಾರು ಪಟ್ಟು, ಎಳೆತ ತಡೆಯುತ್ತದಾ ಅಂತ ಪರೀಕ್ಷೆ ಮಾಡುತ್ತಾರೆ. ಅಂದರೆ ಮನುಷ್ಯರು ಬದುಕಬಹುದಾದ ಅಪಘಾತದಲ್ಲಿ ಅಷ್ಟು ಎಳೆತ ಬರಬಹುದು ಅಂತ ಲೆಕ್ಕ. ಹತ್ತು ಕಿಲೋ ಮಗು ಆ ಕ್ಷಣಕ್ಕೆ 160 ಕಿಲೋ ಆದ ಹಾಗೆ. ಎರಡು ಚೀಲ ಅಡಿಕೆ ಅಂದುಕೊಳ್ಳಿ. ಹಮಾಲಿ ಒಂದು ಚೀಲ ಹೊರಲು ಬೆನ್ನು ಬಾಗಿಸುತ್ತಾನೆ. ನಾವು ಕೂತಲ್ಲೇ, ಎರಡು ಕೈಯಲ್ಲಿ, ಹಾರಿ ಹೋಗುತ್ತಿರುವ ಎರಡು ಚೀಲ ಹಿಡಿಯಬೇಕು. ಪ್ರೀತಿ ಎಷ್ಟಿದ್ದರೂ ರಟ್ಟೆ ಅಷ್ಟೇ ಅಲ್ವಾ?

ನಿಮ್ಮ ಅತ್ತೆಯವರಿಗೆ ಹೀಗೆ ಹೇಳಿ ನೋಡಿ. ಕರುವನ್ನಾದರೂ ಟೆಂಪೋದಲ್ಲಿ ಸಾಗಿಸುವಾಗ ಕಟ್ಟುತ್ತೇವಲ್ಲ.

ಮಾರಿಕಾಂಬೆ ಪೇಟೆ, ಶಿರಸಿ

ಎಂಟು ವರ್ಷ ಅಮೆರಿಕದಲ್ಲಿದ್ದೆ. ಈಗ ಶಿರಸಿಯಲ್ಲೇ ಮನೆಯಿಂದ ಕೆಲಸ. ಈ ಜಗಳ ಅಲ್ಲಿ ಮೂವತ್ತೈದು ವರ್ಷದಿಂದ ನಡೆಯುತ್ತಿದೆ. ಸ್ವಲ್ಪ ಉದ್ದ ಆಗುತ್ತದೆ, ಓದುವವರು ಓದಿ.

1989ರ ಜುಲೈ 19. ಯುನೈಟೆಡ್ 232, ಡಿಸಿ-10 ವಿಮಾನ. ಬಾಲದ ಇಂಜಿನ್ ಒಡೆದು ಹೈಡ್ರಾಲಿಕ್ ಪೂರ್ತಿ ಹೋಯಿತು. ಪೈಲಟ್‌ಗಳು ಉಳಿದ ಎರಡು ಇಂಜಿನ್‌ಗಳ ವೇಗ ಹೆಚ್ಚು ಕಡಿಮೆ ಮಾಡುತ್ತಾ ಅಯೋವಾದ ಸೂ ಸಿಟಿವರೆಗೆ ತಂದರು. ವಿಮಾನದಲ್ಲಿ ತೊಡೆ ಮೇಲಿನ ಮಕ್ಕಳು ನಾಲ್ಕು. ಆಗಿನ ನಿಯಮ ಏನಿತ್ತು ಗೊತ್ತಾ? ಇಳಿಯುವ ಮೊದಲು ಮಗುವನ್ನು ನೆಲದ ಮೇಲೆ, ಕಾಲ ಹತ್ತಿರ, ದಿಂಬು ಹೊದಿಕೆ ಸುತ್ತಿ ಇಟ್ಟು ಹಿಡಿದುಕೊಳ್ಳುವುದು. ಮುಖ್ಯ ಗಗನಸಖಿ ಜಾನ್ ಬ್ರೌನ್ ಅದನ್ನೇ ಹೇಳಿದರು. ವಿಮಾನ ನೆಲಕ್ಕೆ ಅಪ್ಪಳಿಸಿ, ಮಗುಚಿ, ಬೆಂಕಿ ಹತ್ತಿತು. 296 ಜನರಲ್ಲಿ 184 ಜನ ಉಳಿದರು. ನಾಲ್ಕು ಮಕ್ಕಳಲ್ಲಿ ಒಂದು ಉಳಿಯಲಿಲ್ಲ. ಇನ್ನೊಂದು ಮಗುವಿನ ಅಳು ಕೇಳಿ ಹೊರಗೆ ಬಂದಿದ್ದ ಪ್ರಯಾಣಿಕರೊಬ್ಬರು ಹೊಗೆಯೊಳಗೆ ವಾಪಸ್ ಹೋಗಿ ಎತ್ತಿ ತಂದರು.

ತೀರಿಹೋದ ಮಗುವಿನ ತಾಯಿ ಹೊರಗೆ ಜಾನ್ ಬ್ರೌನ್‌ಗೆ ಎದುರಾದರು. ನೆಲದ ಮೇಲೆ ಇಡಿ ಅಂತ ಹೇಳಿದ್ದು ಅವರೇ ಅಲ್ವಾ. ಅಂದಿನಿಂದ ಜಾನ್ ಬ್ರೌನ್ ಇದೇ ಕೆಲಸಕ್ಕೆ ನಿಂತರು. ಅಮೆರಿಕದ ಸಂಸತ್ತಿನ ಮುಂದೆ ಹೋಗಿ, ಎಲ್ಲ ಮಕ್ಕಳಿಗೂ ಸೀಟು ಕಡ್ಡಾಯ ಮಾಡಿ ಅಂತ ಸಾಕ್ಷಿ ಹೇಳಿದರು. ಅಪಘಾತ ತನಿಖೆ ಮಾಡುವ ಸಂಸ್ಥೆ ಎನ್‌ಟಿಎಸ್‌ಬಿ 1990ರಲ್ಲೇ ಇದನ್ನು ಶಿಫಾರಸು ಮಾಡಿತು. ನಿಯಮ ಮಾಡಬೇಕಾದ ಎಫ್‌ಎಎ ಮಾಡಲಿಲ್ಲ. 2005ರಲ್ಲಿ ಕಡ್ಡಾಯ ಮಾಡುವುದಿಲ್ಲ ಅಂತ ಹೇಳಿಯೇ ಬಿಟ್ಟಿತು.

ಕಾರಣ ಕೇಳಿ, ಇದು ನಮಗೂ ತಾಗುವ ವಿಷಯ. ಸೀಟು ಕಡ್ಡಾಯ ಆದರೆ ಟಿಕೆಟ್ ಖರ್ಚು ಏರುತ್ತದೆ. ಒಂದಷ್ಟು ಕುಟುಂಬಗಳು ವಿಮಾನ ಬಿಟ್ಟು ಕಾರು ಹಿಡಿಯುತ್ತವೆ. ರಸ್ತೆ ಮೇಲೆ ಸಾಯುವ ಸಾಧ್ಯತೆ ವಿಮಾನಕ್ಕಿಂತ ಎಷ್ಟೋ ಜಾಸ್ತಿ. 2003ರಲ್ಲಿ ಅಲ್ಲಿನ ಮಕ್ಕಳ ವೈದ್ಯರ ಪತ್ರಿಕೆಯೊಂದರಲ್ಲಿ ಒಂದು ಲೆಕ್ಕ ಬಂತು. ಸೀಟು ಕಡ್ಡಾಯದಿಂದ ಇಡೀ ಅಮೆರಿಕದಲ್ಲಿ ವರ್ಷಕ್ಕೆ ತಪ್ಪುವ ಸಾವು ಸರಾಸರಿ 0.4. ನೂರರಲ್ಲಿ ಐದರಿಂದ ಹತ್ತು ಕುಟುಂಬಕ್ಕಿಂತ ಜಾಸ್ತಿ ಜನ ಕಾರಿಗೆ ಬದಲಾದರೆ, ಉಳಿಸಿದ್ದಕ್ಕಿಂತ ಕಳೆದುಕೊಳ್ಳುವುದೇ ಹೆಚ್ಚು.

ಇದನ್ನು ಮೊದಲು ಓದಿದಾಗ ಕೆಟ್ಟ ಲೆಕ್ಕ ಅನ್ನಿಸಿತ್ತು. ಈಗ ಹಾಗೆ ಅನ್ನಿಸುವುದಿಲ್ಲ. ನನಗೆ ಅವಳಿ ಮಕ್ಕಳು. ಬೆಂಗಳೂರಿಗೆ ಹೋಗಬೇಕು ಅಂದರೆ ಹುಬ್ಬಳ್ಳಿಗೆ ಹೋಗಿ ವಿಮಾನ ಹತ್ತಬಹುದು. ನಾಲ್ಕು ಟಿಕೆಟ್ ಕಡ್ಡಾಯ ಅಂದರೆ ಏನು ಮಾಡುತ್ತೇನೆ? ರಾತ್ರಿ ಊಟ ಮಾಡಿ, ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ನಾನೂರು ಕಿಲೋಮೀಟರ್ ಕಾರು ಓಡಿಸುತ್ತೇನೆ. ಓಡಿಸಿದ್ದೇನೆ ಕೂಡ. ತುಮಕೂರು ದಾಟಿದ ಮೇಲೆ ಒಂದು ಸಲ ಕಣ್ಣು ಮುಚ್ಚಿತ್ತು. ಮನೆಯಲ್ಲಿ ಹೇಳಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಹಾಗಾಗಿ ಕಾನೂನು ಬೇಡ ಅಂತೀನಿ. ಆದರೆ ಕಾಳಿ ದಂಡೆ ಅಕ್ಕ, ಹದಿಮೂರು ಸಾವಿರ ನಿಮ್ಮ ಕೈಯಲ್ಲಿದ್ದರೆ ಟಿಕೆಟ್ ತಗೊಳ್ಳಿ. ಎಫ್‌ಎಎ ಕೂಡ ಮಗುವಿಗೆ ಸುರಕ್ಷಿತ ಜಾಗ ಮಡಿಲಲ್ಲ, ಸೀಟು ಅಂತಲೇ ಹೇಳುತ್ತದೆ. ಹೇಳುತ್ತದೆ, ಕಡ್ಡಾಯ ಮಾಡುವುದಿಲ್ಲ.

ಅಘನಾಶಿನಿ, ಕುಮಟಾ

ಮಾರಿಕಾಂಬೆ ಪೇಟೆಯವರೇ, ನಿಮ್ಮ ಲೆಕ್ಕ ಸರಿ ಇರಬಹುದು. ಆದರೆ ಮಸ್ಕತ್‌ಗೆ ಯಾರು ಕಾರಲ್ಲಿ ಹೋಗುತ್ತಾರೆ? ಸಮುದ್ರ ದಾಟುವ ವಿಮಾನಕ್ಕೆ ಈ ವಾದ ನಿಲ್ಲುವುದಿಲ್ಲ. ಕಡ್ಡಾಯ ಮಾಡಿ, ಮಗುವಿನ ಸೀಟಿಗೆ ಅರ್ಧ ದರ ಇಡಿ ಅಂತ ಕಂಪನಿಗಳಿಗೆ ಹೇಳಿದರೆ ಮುಗಿಯಿತು. ನಾವು ಕಾಫಿ ಪಾತ್ರೆಯನ್ನೂ ಕೊಂಡಿ ಹಾಕಿ ಭದ್ರ ಮಾಡದೆ ವಿಮಾನ ಇಳಿಸುವುದಿಲ್ಲ. ಮಗುವನ್ನು ಬಿಟ್ಟು ಉಳಿದ ಎಲ್ಲದಕ್ಕೂ ಕೊಂಡಿ ಇದೆ.

2024ರ ಜನವರಿ 5ರಂದು ಅಮೆರಿಕದಲ್ಲಿ ಅಲಾಸ್ಕಾ ಏರ್‌ಲೈನ್ಸ್ ವಿಮಾನದ ಬಾಗಿಲಿನ ಜಾಗದ ಹಲಗೆ ಸುಮಾರು 16,000 ಅಡಿ ಮೇಲೆ ಕಿತ್ತುಹೋಯಿತಲ್ಲ, ಅದರಲ್ಲೂ ತೊಡೆ ಮೇಲೆ ಮೂರು ಮಕ್ಕಳಿದ್ದವು. ಪುಣ್ಯಕ್ಕೆ ಆ ಕಿಂಡಿಯ ಪಕ್ಕದ ಸೀಟು ಖಾಲಿ ಇತ್ತು.

ನೇತ್ರಾಣಿ, ಭಟ್ಕಳ

ಅರ್ಧ ದರ ಅಂದರೆ ನಾನೂ ಸೈ. ಅದನ್ನು ಮೊದಲು ಮಾಡಿಸಿ, ಆಮೇಲೆ ಕಡ್ಡಾಯ. ನಮ್ಮಲ್ಲಿ ಯಾವಾಗಲೂ ಎರಡನೆಯದು ಮೊದಲು ಬರುತ್ತದೆ.

ಗಂಗಾವಳಿ ಗಾಳಿ, ಅಂಕೋಲಾ

ನಾನು ಟ್ಯಾಕ್ಸಿ ಓಡಿಸುವವ. ದೊಡ್ಡ ದೊಡ್ಡವರು ಮಾತಾಡ್ತಾ ಇದ್ದೀರಿ, ನಡುವೆ ಬಾಯಿ ಹಾಕ್ತೀನಿ. ತಪ್ಪು ತಿಳ್ಕೋಬೇಡಿ.

ವಾರಕ್ಕೆ ನಾಲ್ಕೈದು ಸಲ ದಾಬೋಲಿಂ, ಮೋಪಾಗೆ ಜನ ಬಿಡುತ್ತೇನೆ. ನಿಮ್ಮಲ್ಲಿ ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಅಕ್ಕ, ಸದಾಶಿವಗಡದಿಂದ ಮೋಪಾವರೆಗೆ ಮಗು ಎಲ್ಲಿ ಕೂರುತ್ತದೆ?

ನಾನು ಹೇಳುತ್ತೇನೆ. ಮುಂದಿನ ಸೀಟಿನಲ್ಲಿ, ತಾಯಿ ತೊಡೆ ಮೇಲೆ. ಹಿಂದೆ ಬ್ಯಾಗು, ಅತ್ತೆ, ಕಳಿಸಲು ಬಂದ ಮೈದುನ, ಮೀನಿನ ಉಪ್ಪಿನಕಾಯಿ ಡಬ್ಬಿ. ಮಗುವಿಗೆ ಎ.ಸಿ. ಗಾಳಿ ಬೇಕು ಅಂತ ಮುಂದೆ. ಎದುರಿಗೇ ಏರ್‌ಬ್ಯಾಗು. ಮಾಜಾಳಿ, ಪೋಳೆಂ, ಕಾಣಕೋಣ, ಆಮೇಲೆ ಕಾರ್ಮಲ್ ಘಾಟಿ, ಮಡಗಾಂವ್, ಪಣಜಿ. ಮೂರು ತಾಸು. ವಿಮಾನದಲ್ಲಿ ಮುಂಬೈಗೆ ಒಂದೇ ತಾಸು.

ಎರಡು ವರ್ಷದ ಹಿಂದೆ ಕಾರ್ಮಲ್ ಘಾಟಿಯ ತಿರುವಿನಲ್ಲಿ ದನ ಅಡ್ಡ ಬಂತು. ನಾನು ನಲವತ್ತರಲ್ಲಿದ್ದೆ ಅಷ್ಟೇ. ಬ್ರೇಕ್ ಹಾಕಿದೆ. ಮುಂದೆ ಕೂತ ತಾಯಿ ಕೈಯಲ್ಲಿ ಒಂದು ವರ್ಷದ ಹುಡುಗ. ಅವರು ಬೆಲ್ಟ್ ಹಾಕಿದ್ದರು, ಅವನಿಗೆ ಯಾವ ಬೆಲ್ಟೂ ಇರಲಿಲ್ಲ. ಡ್ಯಾಶ್‌ಬೋರ್ಡ್‌ಗೆ ಬಾಯಿ ತಾಗಿ, ಆಗಷ್ಟೇ ಬಂದಿದ್ದ ಎರಡು ಹಲ್ಲು ಕೆಳತುಟಿಯೊಳಗೆ ಹೋಗಿದ್ದವು. ನನ್ನ ಕಾರಿನ ಮೇಲೆ ಗೀರೂ ಬೀಳಲಿಲ್ಲ. ದನ ಹುಲ್ಲು ತಿನ್ನುತ್ತಾ ಹೋಯಿತು.

ನಮ್ಮ ಜಿಲ್ಲೆಯ ರಸ್ತೆ ಹೇಗೆ ಅಂತ ಹೇಳಬೇಕಾ? 2024ರ ಜುಲೈನಲ್ಲಿ ಶಿರೂರು ಗುಡ್ಡ ಹೆದ್ದಾರಿ ಮೇಲೆ ಬಿತ್ತು. ಆಗಸ್ಟ್‌ನಲ್ಲಿ ಕಾಳಿ ಹಳೇ ಸೇತುವೆ ಬಿತ್ತು. 2025ರ ಜನವರಿಯಲ್ಲಿ ಗುಳ್ಳಾಪುರದ ಹತ್ತಿರ ತರಕಾರಿ ಲಾರಿ ಉರುಳಿ ಹತ್ತು ಜನ ಹೋದರು. ನೀವು ಆಕಾಶ ನೋಡ್ತಾ ಇದ್ದೀರಿ.

ಶರಾವತಿ ಕಡವು, ಹೊನ್ನಾವರ

ಗಂಗಾವಳಿಯವರು ಹೇಳಿದ್ದಕ್ಕೆ ಎದುರು ಮಾತಿಲ್ಲ. ರಸ್ತೆಗೆ ಕಾನೂನೂ ಇದೆ ಮಾರಾಯ್ರೇ. 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ 194ಬಿ ಅಂತ ಸೇರಿಸಿದ್ದಾರೆ. ಹದಿನಾಲ್ಕು ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿಲ್ಲದೆ ಕರೆದೊಯ್ದರೆ ಸಾವಿರ ರೂಪಾಯಿ ದಂಡ. ಸ್ಕೂಟರಿನಲ್ಲಿ ನಾಲ್ಕು ವರ್ಷದೊಳಗಿನ ಮಗುವಿಗೆ ಕಟ್ಟುಪಟ್ಟಿ, ಒಂಬತ್ತು ತಿಂಗಳು ದಾಟಿದ್ದರೆ ಹೆಲ್ಮೆಟ್, 40 ಕಿಲೋಮೀಟರ್ ವೇಗಮಿತಿ ಅಂತ 2022ರಲ್ಲಿ ನಿಯಮ ಬಂತು. ಈ ದಂಡ ಕಟ್ಟಿದವರನ್ನು ನಾನಂತೂ ಕಂಡಿಲ್ಲ. ಗಡಿಯಲ್ಲಿ ಡಿಕ್ಕಿ ತೆಗೆಸಿ ಬಾಟಲಿ ಹುಡುಕುತ್ತಾರೆ, ಮುಂದಿನ ಸೀಟಿನ ಕೂಸಿಗೆ ಟಾಟಾ ಮಾಡಿ ಕಳಿಸುತ್ತಾರೆ.

ಕಾಳಿ ದಂಡೆ, ಕಾರವಾರ

ನಿಜ ಹೇಳ್ತೀನಿ, ಕಾರಿನ ಬಗ್ಗೆ ನಾನು ಯೋಚನೆಯೇ ಮಾಡಿರಲಿಲ್ಲ. ಡಾಕ್ಟರ ಹತ್ತಿರ ಹೋಗುವಾಗಲೂ ಅವಳು ನನ್ನ ತೊಡೆ ಮೇಲೇ. ನಿನ್ನೆ ರಾತ್ರಿ ಯಜಮಾನರ ಜೊತೆ ಮಾತಾಡಿದೆ. ಟಿಕೆಟ್ ತಗೊಳ್ಳುವುದು ಅಂತಾಯಿತು. ಸೀಟು ಎಂಥದ್ದು ತಗೋಬೇಕು ಯಾರಾದರೂ ಹೇಳಿ. ಮತ್ತೆ ಗಂಗಾವಳಿ ಅಣ್ಣ, ನೀವೇ ಬರ್ತೀರಾ?

ಅಘನಾಶಿನಿ, ಕುಮಟಾ

ನಾಲ್ಕು ಮಾತು. ಸೀಟಿನ ಅಡಿಯಲ್ಲೋ ಬದಿಯಲ್ಲೋ ವಿಮಾನಕ್ಕೂ ಆಗುತ್ತದೆ ಅಂತ ಬರೆದಿರಬೇಕು. ಅಮೆರಿಕದ ಸೀಟಾದರೆ ಅದು ಕೆಂಪು ಅಕ್ಷರದಲ್ಲಿರುತ್ತದೆ. ಅಗಲ 43 ಸೆಂಟಿಮೀಟರ್ ಒಳಗಿದ್ದರೆ ಒಳ್ಳೆಯದು, ಇಕಾನಮಿ ಸೀಟು ಅಷ್ಟೇ ಇರುವುದು. ಕಾರಿನಲ್ಲಿ ಕೊಕ್ಕೆಗೆ ಸಿಕ್ಕಿಸುವ ಐಸೋಫಿಕ್ಸ್ ವಿಮಾನದಲ್ಲಿ ಇರುವುದಿಲ್ಲ, ಸೊಂಟದ ಬೆಲ್ಟಿನಿಂದಲೇ ಕಟ್ಟಬೇಕು. ಹಾಗೆ ಕಟ್ಟಲು ಬರುವ ಸೀಟೇ ಬೇಕು. ಮಗುವನ್ನು ಎತ್ತರಿಸಿ ಕೂರಿಸುವ, ಬೆನ್ನಿಲ್ಲದ ಬೂಸ್ಟರ್ ನಡೆಯುವುದಿಲ್ಲ. ಕಿಟಕಿ ಪಕ್ಕದ ಜಾಗ ಕೇಳಿ, ಬೇರೆಯವರು ಏಳುವಾಗ ಅಡ್ಡ ಆಗಬಾರದು.

ಕೇರ್ಸ್ ಅಂತ ಒಂದು ಪಟ್ಟಿ ಸಿಗುತ್ತದೆ. ಸೀಟಿನ ಬೆನ್ನಿಗೆ ಸುತ್ತಿ ಮಗುವಿಗೆ ಹಾಕುವುದು, ತುಂಬಾ ಹಗುರ. 10ರಿಂದ 20 ಕಿಲೋ ಮಕ್ಕಳಿಗೆ. ಆದರೆ ಅದು ಕಾರಿಗೆ ಆಗುವುದಿಲ್ಲ. ನಿಮಗೆ ಎರಡಕ್ಕೂ ಬೇಕಲ್ಲ.

ಮುಖ್ಯವಾಗಿ, ಕಂಪನಿಗೆ ಮೊದಲೇ ಮೇಲ್ ಬರೆದು ಒಪ್ಪಿಗೆ ತರಿಸಿ ಪ್ರಿಂಟ್ ಇಟ್ಟುಕೊಳ್ಳಿ. ಕೌಂಟರಿನಲ್ಲಿ ಕೂತವರಿಗೆ ಇದೆಲ್ಲ ಗೊತ್ತಿರುವುದು ಅಪರೂಪ. ಹೇಳಬಾರದು, ನನಗೂ ಮೊದಲ ಮೂರು ವರ್ಷ ಗೊತ್ತಿರಲಿಲ್ಲ.

ಕಟ್ಟೆ ನೋಡಿಕೊಳ್ಳುವವರು

ಯಾವ ಏರ್‌ಲೈನ್ಸ್ ಕೆಟ್ಟದ್ದು ಅಂತ ಹೆಸರು ಹಿಡಿದು ಬರೆದ ಎರಡು ಉತ್ತರ ತೆಗೆದಿದ್ದೇನೆ. ಮತ್ತೆ ಹಾಕಬೇಡಿ.

ಕಾಳಿ ದಂಡೆ, ಕಾರವಾರ

ಮಸ್ಕತ್‌ನಿಂದ ಬರೆಯುತ್ತಿದ್ದೇನೆ. ತಲುಪಿ ನಾಲ್ಕು ದಿನ ಆಯಿತು.

ಕೌಂಟರಿನ ಹುಡುಗ ಸೀಟು ನೋಡಿ "ಇದು ಲಗೇಜಿಗೆ ಹಾಕಿ ಮೇಡಂ" ಅಂದ. ಮಗುವಿನ ಟಿಕೆಟ್ ತೋರಿಸಿದೆ. ಒಬ್ಬರನ್ನು ಕರೆದ, ಅವರು ಇನ್ನೊಬ್ಬರನ್ನು ಕರೆದರು. ಮೇಲ್ ಪ್ರಿಂಟ್ ಎರಡು ಸಲ ಓದಿದರು. ಇಪ್ಪತ್ತು ನಿಮಿಷ ಹೋಯಿತು. ಅಘನಾಶಿನಿ ಅಕ್ಕ, ಆ ಹಾಳೆ ಇಲ್ಲದಿದ್ದರೆ ನಾನು ಅಲ್ಲೇ ಅತ್ತುಬಿಡುತ್ತಿದ್ದೆ.

ಒಳಗೆ ಇನ್ನೊಂದು ಪಜೀತಿ. ವಿಮಾನದ ಬೆಲ್ಟನ್ನು ಸೀಟಿನ ಹಿಂದಿನಿಂದ ತೂರಿಸಿ ಬಿಗಿದರೆ, ಆ ಕಬ್ಬಿಣದ ಬಕಲ್ ಸರಿಯಾಗಿ ಅವಳ ಬೆನ್ನಿನ ನಡುವೆ ಬಂತು. ಮೆತ್ತೆಯ ಮೇಲಿನಿಂದಲೂ ಕೈಗೆ ಗಟ್ಟಿಯಾಗಿ ತಾಗುತ್ತಿತ್ತು. ಅತ್ತೆ ಕೊಟ್ಟ ಹಳೇ ಸೀರೆಯ ತುಂಡು ಬ್ಯಾಗಿನಲ್ಲಿತ್ತು, ಮಡಚಿ ಅದರ ಮೇಲೆ ಇಟ್ಟೆ. ಮುಂದಿನ ಸೀಟಿಗೆ ಅವಳ ಕಾಲು ಸಿಗುತ್ತದೆ, ಒದೆಯುವುದೇ ಕೆಲಸ. ಮುಂದೆ ಕೂತವರು ಮೂರು ಸಲ ತಿರುಗಿ ನೋಡಿದರು. ನಾಲ್ಕನೇ ಸಲಕ್ಕೆ ಅವಳು ನಿದ್ದೆ ಹೋಗಿದ್ದಳು. ಮುಂಬೈಯಿಂದ ಹೊರಟ ಮೇಲೂ ನಿದ್ದೆ. ಹದಿನಾರು ತಿಂಗಳಲ್ಲಿ ಮೊದಲ ಸಲ ಬಿಸಿ ಚಹಾ ಬಿಸಿ ಇರುವಾಗಲೇ ಕುಡಿದೆ. ಇದನ್ನು ನೀವು ಯಾರೂ ಹೇಳಿರಲಿಲ್ಲ.

ಮೋಪಾವರೆಗೆ ಅತ್ತೆಯೂ ಬಂದಿದ್ದರು. ಮಡಗಾಂವ್ ದಾಟುವವರೆಗೆ "ಎತ್ತಿಕೋ, ಪಾಪ" ಅಂತಲೇ ಇದ್ದರು. ಆಮೇಲೆ ಅವಳಿಗೆ ಬಾಳೆಹಣ್ಣು ತಿನ್ನಿಸಲು ಎರಡೂ ಕೈ ಬಿಡುವಾಯಿತಲ್ಲ, ಸುಮ್ಮನಾದರು.

ನೇತ್ರಾಣಿ, ಭಟ್ಕಳ

ಚಹಾದ ಮಾತು ಮೊದಲೇ ಹೇಳಿದ್ದರೆ ನನ್ನ ಹೆಂಡತಿ ಎಂದೋ ಟಿಕೆಟ್ ತೆಗೆಸುತ್ತಿದ್ದಳು.

ಗಂಗಾವಳಿ ಗಾಳಿ, ಅಂಕೋಲಾ

ಅಕ್ಕನ ಸೀಟು ಕಟ್ಟಲು ನನಗೆ ಅರ್ಧ ತಾಸು ಹಿಡಿಯಿತು. ಕಟ್ಟಿದ ಮೇಲೆ ಮಂಡಿ ಊರಿ ಒತ್ತಿ ಬಿಗಿ ಮಾಡಬೇಕು ಅಂತ ಆಮೇಲೆ ಗೊತ್ತಾಯಿತು. ವಾಪಸ್ ಬರುವಾಗ ಹೇಗೂ ಖಾಲಿ ಗಾಡಿ, ಅಲ್ಲಿಂದ ಜನ ಹತ್ತಿಸಿಕೊಳ್ಳಲು ಬಿಡುವುದಿಲ್ಲ. ಮಡಗಾಂವ್‌ನಲ್ಲಿ ನಿಲ್ಲಿಸಿ ನಾನೂ ಒಂದು ಸೀಟು ತಗೊಂಡೆ. ಮಕ್ಕಳಿರುವವರು ಫೋನ್ ಮಾಡುವಾಗಲೇ ಹೇಳಿ, ಕಟ್ಟಿಕೊಂಡು ಬರುತ್ತೇನೆ. ಜಾಸ್ತಿ ದುಡ್ಡು ಇಲ್ಲ.

ಶರಾವತಿ ಕಡವು, ಹೊನ್ನಾವರ

ಹೊನ್ನಾವರಕ್ಕೂ ಬರುತ್ತೀರಾ? ಮೊಮ್ಮಗ ಬರುವವನಿದ್ದಾನೆ. ಸೀಟಿಗೆ ಗಿರಾಕಿ ಸಿಕ್ಕರಾ?

ಗಂಗಾವಳಿ ಗಾಳಿ, ಅಂಕೋಲಾ

ಬರುತ್ತೇನೆ ಮಾಸ್ತರೇ. ಮೊದಲ ಗಿರಾಕಿ ನಿನ್ನೆ ಸಿಕ್ಕರು. ಮಗು ಇಲ್ಲ, ಗಂಡ ಹೆಂಡತಿ ಇಬ್ಬರೇ, ಪಣಜಿಯಲ್ಲಿರುವ ಮಗಳ ಮನೆಗೆ ಹಲಸಿನ ಹಣ್ಣು ಒಯ್ಯುತ್ತಿದ್ದರು. ಡಿಕ್ಕಿಯಲ್ಲಿ ಇಟ್ಟರೆ ಉರುಳುತ್ತದೆ ಅಂತ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿದರು. ಹತ್ತು ಕಿಲೋ ಇತ್ತು. ಕಾರ್ಮಲ್ ಘಾಟಿಯಲ್ಲಿ ಬೇಕಂತಲೇ ಎರಡು ಸಲ ಬ್ರೇಕ್ ಒತ್ತಿದೆ. ಮುಂದೆ ಕೂತ ಯಜಮಾನರು ಬೈದರು. ಹಲಸಿನ ಹಣ್ಣು ಅಲ್ಲಾಡಲಿಲ್ಲ.